ಹಸಿರಾಗುವ ತನಕ

ನನ್ನ ಅತ್ತೆ ಚಿಕ್ಕಮುನಿಯಮ್ಮನವರ ಕೊಟ್ಟಿಗೆ ಖಾಲಿಯಾಗಿ ಹದಿನಾರು ವರ್ಷವಾಯಿತು. ಹಸುಗಳನ್ನು ಮಾರಿದ ಮೇಲೆ ಮಾವ ಗೋಪಾಲಪ್ಪನವರು ಆ ಜಾಗದಲ್ಲಿ ಸಾಲಾಗಿ ಐದು ರೂಮು ಕಟ್ಟಿಸಿ ಬಾಡಿಗೆಗೆ ಬಿಟ್ಟರು. ಆಮೇಲೆ ಅವರೂ ಹೋದರು. ಅತ್ತೆ ಮಾತ್ರ ಬೆಳಗಿನ ಜಾವ ನಾಲ್ಕಕ್ಕೆ ಏಳುವುದನ್ನು ಬಿಡಲಿಲ್ಲ. ಯಾವ ಹಸುವಿನ ಹಾಲು ಕರೆಯಲು ಎಂದು ಕೇಳುವ ಹಾಗಿಲ್ಲ. ಏಳುವುದು, ನಲ್ಲಿ ತಿರುಗಿಸಿ ಬಕೆಟ್ ತುಂಬುವುದು, ಪರಪರನೆ ಅಂಗಳ ಗುಡಿಸಿ ನೀರು ಹಾಕುವುದು. ನಾನು ಈ ಮನೆಗೆ ಸೊಸೆಯಾಗಿ ಬಂದು ಹತ್ತೊಂಬತ್ತು ವರ್ಷ. ಅಷ್ಟೂ ವರ್ಷ ಮಹಡಿಯಲ್ಲಿ ಆ ಬಕೆಟ್ಟಿನ ಸದ್ದಿಗೆ ಎಚ್ಚರಗೊಂಡು, ಮನಸ್ಸಿನಲ್ಲೇ ನಾಲ್ಕು ಮಾತು ಅಂದು, ಮಗ್ಗುಲು ಬದಲಿಸಿದ್ದೇನೆ.

"ಅಮ್ಮಂಗೆ ಅಭ್ಯಾಸ ಕಣೇ ವನಜಾ, ಬಿಡು" ಅನ್ನುತ್ತಾರೆ ನನ್ನ ಗಂಡ ಮುನಿಕೃಷ್ಣ. ಅವರಿಗೇನು, ಕಿವಿಯ ಪಕ್ಕ ಪಟಾಕಿ ಹೊಡೆದರೂ ಏಳುವವರಲ್ಲ.

ರಾಜಗೋಪಾಲನಗರದಲ್ಲಿ ರೂಮು ಕೇಳಿಕೊಂಡು ಬರುವವರೆಲ್ಲ ಪೀಣ್ಯದ ಫ್ಯಾಕ್ಟರಿಗಳಿಗೆ ದುಡಿಯಲು ಹೋಗುವವರೇ. ಮೂರನೇ ರೂಮಿಗೆ ಬಂದ ಭುವನೇಶ್ವರಿ ಹರಪನಹಳ್ಳಿ ಕಡೆಯವಳು. ಗಂಡ ಈಶಪ್ಪ ಚಂದಾಪುರದಲ್ಲಿ ಕಟ್ಟಡದ ಕೆಲಸ ಮಾಡಿಕೊಂಡು ಅಲ್ಲೇ ಸೈಟಿನಲ್ಲಿ ಇರುತ್ತಾನೆ, ಭಾನುವಾರ ಬರುತ್ತಾನೆ. ಇವಳು ಬಣ್ಣಬಣ್ಣದ ದೀಪ ಜೋಡಿಸುವ ಫ್ಯಾಕ್ಟರಿಯಲ್ಲಿ. ಮಗಳು ರಕ್ಷಿತಾಗೆ ಎರಡೂವರೆ ವರ್ಷ. ಯುಗಾದಿ ಕಳೆದ ಮೇಲೆ ಭುವನೇಶ್ವರಿಗೆ ನೈಟ್ ಶಿಫ್ಟ್ ಬಿತ್ತು. ಮಗುವನ್ನು ಎಲ್ಲಿ ಬಿಡುವುದೆಂದು ಅವಳು ಕಣ್ಣೀರು ಹಾಕುತ್ತಿದ್ದಾಗ ಅತ್ತೆಯೇ ಹೇಳಿದರು, "ನನ್ ತಾವ ಮನಗ್ಸು. ನಾನೆಲ್ಲಿ ನಿದ್ದೆ ಮಾಡ್ತೀನಿ."

ಆ ಮಾತು ನಿಜವೇ ಆಗಿತ್ತು, ತೊಂದರೆಯೂ ಅದೇ ಆಯಿತು. ನಾಲ್ಕಕ್ಕೆ ಬಕೆಟ್ ಸದ್ದಾದರೆ ಮಗುವಿಗೆ ಬೆಳಗಾಯಿತು. ಬೆಳಗಾಯಿತೆಂದರೆ ಅವ್ವ ಬೇಕು. ಅವ್ವನನ್ನು ಕಂಪನಿ ವ್ಯಾನು ತಿರುವಿನಲ್ಲಿ ಇಳಿಸುವುದು ಆರೂವರೆಗೆ. ಅಲ್ಲಿಯವರೆಗೆ ಎರಡೂವರೆ ಗಂಟೆ ಒಂದೇ ಸಮನೆ ಅಳು. ಸೆಕೆಂಡ್ ಶಿಫ್ಟ್ ಮುಗಿಸಿ ಮಲಗಿದ್ದ ಅಕ್ಕಪಕ್ಕದ ರೂಮಿನವರು ಗೊಣಗಿದರು. ನಿದ್ದೆಗೆಟ್ಟ ಮಗು ಹಗಲೆಲ್ಲ ರಚ್ಚೆ ಹಿಡಿಯಿತು. ಹಗಲು ಮಲಗಲಾಗದ ತಾಯಿ ಕೆಲಸದಲ್ಲಿ ತೂಕಡಿಸಿ ಬೈಸಿಕೊಂಡಳು. ಸುದ್ದಿ ಊರಿಗೆ ಮುಟ್ಟಿ ಅವಳ ಅತ್ತೆ ಸಿದ್ದಕ್ಕ ಫೋನು ಮಾಡಿದರು: ಅಮಾವಾಸ್ಯೆ ಕಳೆದ ಮೇಲೆ ಬರುತ್ತೇನೆ, ಕೂಸನ್ನು ಕರೆದುಕೊಂಡು ಹೋಗುತ್ತೇನೆ.

"ಒಮ್ಮಿ ಊರಿಗೆ ಹೋತಂದ್ರ ವರ್ಷಕ್ಕೊಮ್ಮಿ ನೋಡೋದು ಅಕ್ಕಾರ" ಎಂದಳು ಭುವನೇಶ್ವರಿ ಮೆಟ್ಟಿಲ ಮೇಲೆ ಕೂತು. "ಆಮ್ಯಾಲ ನನ್ನ ಮರ್ತು ಬಿಡತೈತಿ."

ಮಾರನೆಯ ದಿನ ಅವಳು ಚಂದ್ರನ ಮುಖದ ಒಂದು ದೀಪದ ಗಡಿಯಾರ ತಂದಳು. ಅವರ ಕಂಪನಿಯದೇ. ಕೆನ್ನೆಯ ಬಣ್ಣ ಕೆರೆದುಹೋಗಿದೆಯೆಂದು ಪಕ್ಕಕ್ಕಿಟ್ಟಿದ್ದರಂತೆ, ಕೇಳಿ ತಂದಿದ್ದಳು. ಚಂದ್ರನಿಗೆ ಕಣ್ಣು, ಮೂಗು ಎಲ್ಲ ಇತ್ತು. ರಾತ್ರಿ ಎಂಟಕ್ಕೆ ನೀಲಿಯಾಗಿ ಬೆಳಗುತ್ತದೆ, ಬೆಳಿಗ್ಗೆ ನಾವು ಇಟ್ಟ ಹೊತ್ತಿಗೆ ಹಸಿರಾಗುತ್ತದೆ. ಹಸಿರಾಗುವ ತನಕ ಮಗು ಹಾಸಿಗೆ ಬಿಟ್ಟು ಏಳಬಾರದು. ಭುವನೇಶ್ವರಿ ಅದನ್ನು ಅತ್ತೆಯ ರೂಮಿನ ಗೋಡೆಗೆ ತೂಗುಹಾಕಿ ಆರೂವರೆಗೆ ಇಟ್ಟಳು.

"ಕೋಳಿ ಕೂಗೋ ಕೆಲ್ಸಾನೂ ಕರೆಂಟಿಗೆ ಕೊಟ್ಬುಟ್ರಾ" ಎಂದು ಅತ್ತೆ ಮೂಗು ಮುರಿದರು. ಆದರೆ ಚಂದ್ರ ನೀಲಿಯಾಗುತ್ತಿದ್ದಂತೆ ಕೈ ಮುಗಿದರು. ದೀಪ ಹತ್ತಿದರೆ ಸಾಕು, ಅವರ ಕೈ ತಾನಾಗಿ ಮುಗಿಯುತ್ತದೆ. ಟ್ಯೂಬ್‌ಲೈಟಿಗೂ ಮುಗಿಯುತ್ತಾರೆ. ಅವರನ್ನು ನೋಡಿ ಮಗುವೂ ಕೈ ಮುಗಿಯಿತು.

ಎರಡು ದಿನ ಚಂದ್ರನಿಂದ ಏನೂ ಆಗಲಿಲ್ಲ. ಗೋಡೆಯ ಮೇಲಿನ ಚಂದ್ರ ರಾತ್ರಿ ಅನ್ನುತ್ತಾನೆ, ಅಂಗಳದ ಅಜ್ಜಿ ಬೆಳಗಾಯಿತು ಅನ್ನುತ್ತಾಳೆ. ಮಗು ಯಾರನ್ನು ನಂಬಬೇಕು? ಮೂರನೆಯ ದಿನ ನನ್ನ ತಾಳ್ಮೆ ಕೆಟ್ಟಿತು.

"ಅತ್ತೆ, ಮಲಗೋದು ಕಲಿಸಬೇಕಾಗಿರೋದು ಮಗೂಗಲ್ಲ, ನಿಮಗೆ. ಇಲ್ಲದ ಹಸುಗೋಸ್ಕರ ಎದ್ದು, ಇರೋ ಮಗೂನ ಊರಿಗೆ ಅಟ್ತಿದ್ದೀರ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅತ್ತೆ ಗೋಡೆಗೆ ಮುಖ ಮಾಡಿ ಕೂತು ಅರ್ಧ ಮುದ್ದೆ ಉಂಡು ಎದ್ದರು. ಹದಿನೈದನೇ ವಯಸ್ಸಿಗೆ ಮದುವೆಯಾಗಿ ಬಂದು, ಬಾಣಂತನದಲ್ಲಿ ಬಿಟ್ಟರೆ ಒಂದು ದಿನವೂ ಹೊತ್ತು ಹುಟ್ಟುವ ತನಕ ಮಲಗದ ಹೆಂಗಸು. ಅವರಿಗೆ ಹಾಗೆ ಅಂದೆನಲ್ಲ ಎಂದು ನನಗೆ ನಾಚಿಕೆಯಾಯಿತು.

ಮಾರನೆಯ ಬೆಳಿಗ್ಗೆ ನನಗೆ ಸದ್ದಿಲ್ಲದೆ ಎಚ್ಚರವಾಯಿತು. ಫೋನು ನೋಡಿದರೆ ನಾಲ್ಕು ಇಪ್ಪತ್ತು. ಬಕೆಟ್ಟಿಲ್ಲ, ಪೊರಕೆಯಿಲ್ಲ. ಬರಿಗಾಲಲ್ಲೇ ಕೆಳಗೆ ಓಡಿ ಬಾಗಿಲು ತಳ್ಳಿದೆ.

ರೂಮಿನ ತುಂಬ ತೆಳು ನೀಲಿ. ಗೋಡೆ, ಹಾಸಿಗೆ, ಅತ್ತೆಯ ನರೆಗೂದಲು ಎಲ್ಲವೂ ನೀಲಿಯಲ್ಲಿ ಅದ್ದಿ ತೆಗೆದ ಬಿಳಿ ಪಂಚೆಯ ಹಾಗೆ ಕಾಣುತ್ತಿದ್ದವು. ಮಗು ಅವರ ಸೆರಗನ್ನು ಮುಷ್ಟಿಯಲ್ಲಿ ಹಿಡಿದು ಮಲಗಿತ್ತು. ಅತ್ತೆ ಕಣ್ಣು ಬಿಟ್ಟುಕೊಂಡು ಚಂದ್ರನನ್ನೇ ನೋಡುತ್ತಿದ್ದರು. ನನ್ನನ್ನು ಕಂಡು ತುಟಿಯ ಮೇಲೆ ಬೆರಳಿಟ್ಟರು.

"ಇನ್ನಾ ಅಸಿರಾಗಿಲ್ಲ. ಓಗಿ ಮನಿಕ್ಕೋ."

ಹೀಗೆ ಒಂದು ವಾರ. ಅತ್ತೆ ನಿದ್ದೆ ಮಾಡಲಿಲ್ಲ, ಆದರೆ ಏಳಲೂ ಇಲ್ಲ. ಮಗು ಮಾತ್ರ ಹಸಿರಾಗುವ ತನಕ ಮಲಗಿತು. "ಅಷ್ಟೊತ್ತು ಸುಮ್ನೆ ಬಿದ್ಕೊಂಡು ಏನ್ಮಾಡ್ತೀರ ಅತ್ತೆ?" ಎಂದು ಒಂದು ಸಂಜೆ ಕೇಳಿದೆ. ಅವರು ಸೊಪ್ಪು ಬಿಡಿಸುತ್ತಿದ್ದರು.

"ಗೌರಿ ಬತ್ತಾಳೆ ಕಣಮ್ಮಿ" ಎಂದರು. ಗೌರಿ ಅವರ ಹಸು. "ಆ ಬೆಳಕಲ್ಲಿ ಗ್ವಾಡೆ ಇರಾಕಿಲ್ಲ. ಜಾಲಹಳ್ಳಿ ಕಡೀಂದ ಮಂಜಲ್ಲಿ ಒಂದೊಂದಾಗಿ ಬತ್ತವೆ. ಗಂಟೆ ಸದ್ದೂ ಕೇಳ್ತದೆ. ಇನ್ನಾ ಅಸಿರಾಗಿಲ್ಲ, ಮನಿಕ್ಕೊಳ್ರವ್ವ ಅಂತೀನಿ. ಮಂಡಿ ಮಡಚ್ಕೊಂಡು ಮನಿಕ್ಕಂತವೆ, ಮೆಲುಕಾಕ್ತವೆ. ಅವೇ ಮನಿಕ್ಕಂಡ್ಮೇಲೆ ನಂಗೇನಮ್ಮಿ ಕೆಲ್ಸ."

ನಗು ಬಂತು. ನಗಲಿಲ್ಲ. ನನಗೂ ಆ ಹಸುಗಳನ್ನು ನೋಡಬೇಕು ಅನ್ನಿಸಿತು.

ಅಮಾವಾಸ್ಯೆ ಕಳೆಯಿತು. ಸಿದ್ದಕ್ಕ ರಾತ್ರಿ ಬಸ್ಸಿಗೆ ಬಂದು, ಬೆಳಿಗ್ಗೆ ಐದೂವರೆಗೇ ನಮ್ಮ ಗೇಟು ಅಲ್ಲಾಡಿಸಿದರು. ಕೈಯಲ್ಲಿ ಚೀಲ. ಮೊಮ್ಮಗಳ ಬಟ್ಟೆಬರೆ ತುಂಬಿಕೊಂಡು ಹೋಗಲು ಇನ್ನೊಂದು ಖಾಲಿ ಚೀಲ.

"ಮನಿ ಮುಂದ ಇನ್ನೂ ನೀರು ಹಾಕಿಲ್ಲೇನು?" ಎಂದರು. ನಾನು ಬೆರಳು ತುಟಿಗಿಟ್ಟು ಅವರನ್ನು ಕಿಟಕಿಯ ಹತ್ತಿರ ಕರೆದೆ.

ಒಳಗೆ ಇಬ್ಬರೂ ಮಲಗಿದ್ದರು. ಅತ್ತೆಯ ಬಾಯಿ ಸ್ವಲ್ಪ ತೆರೆದಿತ್ತು, ಸಣ್ಣಗೆ ಗೊರಕೆ. ಹತ್ತೊಂಬತ್ತು ವರ್ಷದಲ್ಲಿ ಅವರು ನಿದ್ದೆ ಮಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಸಿದ್ದಕ್ಕನಿಗೆ ಪಿಸುಮಾತಿನಲ್ಲಿ ಅದನ್ನೇ ಹೇಳಿದೆ. ಸಿದ್ದಕ್ಕ ಬಹಳ ಹೊತ್ತು ನೋಡಿ ಜಗಲಿಯ ಮೇಲೆ ಕೂತರು. ಕೊಟ್ಟ ಟೀಯನ್ನು ಸದ್ದಿಲ್ಲದೆ ಕುಡಿದರು.

ಆರೂವರೆಗೆ ನಾವಿಬ್ಬರೂ ಕಿಟಕಿಯಲ್ಲಿ ನೋಡುತ್ತಿದ್ದಂತೆ ಚಂದ್ರ ಹಸಿರಾದ. ಮಗು ಕಣ್ಣು ಬಿಟ್ಟು ಎದ್ದು ಕೂತಿತು, ಚಂದ್ರನಿಗೆ ಕೈ ಮುಗಿಯಿತು. ಈಗ ಅವ್ವಾ ಎಂದು ಕಿರುಚುತ್ತದೆ, ಸಿದ್ದಕ್ಕನ ಎದುರಿಗೇ ಎಲ್ಲ ಮುಗಿಯಿತು ಎಂದುಕೊಂಡೆ. ಮಗು ಪಕ್ಕಕ್ಕೆ ತಿರುಗಿ ಅಜ್ಜಿಯನ್ನು ನೋಡಿತು. ಜಾರಿದ್ದ ಹೊದಿಕೆಯನ್ನು ಎರಡೂ ಕೈಯಲ್ಲಿ ಎಳೆದು ಅವರ ಮೇಲೆ ಹಾಕಿ ಸುಮ್ಮನೆ ಕೂತಿತು.

ವ್ಯಾನಿಳಿದು ಓಡಿಬಂದ ಭುವನೇಶ್ವರಿ ಜಗಲಿಯಲ್ಲಿ ಸಿದ್ದಕ್ಕನನ್ನೂ ಖಾಲಿ ಚೀಲವನ್ನೂ ಕಂಡು ನಿಂತುಬಿಟ್ಟಳು. ಅವಳ ಮುಖ ನೋಡಲಾಗಲಿಲ್ಲ. ಅಷ್ಟರಲ್ಲಿ ಮಗು ಬಾಗಿಲಿಗೆ ಬಂದು ತುಟಿಯ ಮೇಲೆ ಬೆರಳಿಟ್ಟಿತು.

"ಅವ್ವಾ, ಅಜ್ಜಿ ಮಲಗ್ಯಾಳ."

ಸಿದ್ದಕ್ಕ ಎದ್ದರು. ಖಾಲಿ ಚೀಲವನ್ನು ಮಡಚಿ ತಮ್ಮ ಚೀಲದೊಳಗೆ ತುರುಕಿದರು.

"ಈ ಕೂಸನ್ನ ಕರ್ಕೊಂಡು ಹೋದ್ರ, ಆ ಮುದುಕೀನ ಯಾರು ಮಲಗಸ್ತಾರವ್ವ" ಎಂದರು ಸೊಸೆಗೆ.

ಅವತ್ತು ಅಂಗಳಕ್ಕೆ ನೀರು ಹಾಕಿದ್ದು ನಾನು. ಬಕೆಟ್ ಮುಟ್ಟಲಿಲ್ಲ, ಚೊಂಬಿನಲ್ಲಿ ಸ್ವಲ್ಪ ಸ್ವಲ್ಪವಾಗಿ ತಂದು ಹಾಕಿದೆ.