ನಾನು ತಿದ್ದಿ ಓದಿದ ಕಾದಂಬರಿ

ಕೆಟ್ಟ ವಿಚಾರವನ್ನು ಕೆಟ್ಟದಾಗಿಯೇ ಬರೆಯುವ ಲೇಖಕರ ಮೇಲೆ ನನಗೆ ಅಪಾರ ಗೌರವ. ಅವರಿಂದ ಯಾರ ಸಂಸಾರಕ್ಕೂ ತೊಂದರೆಯಿಲ್ಲ. ಹೆದರಬೇಕಾದದ್ದು ಚೆನ್ನಾಗಿ ಬರೆಯುವವರಿಗೆ.

ತಾಳ್ಯದ ನಮ್ಮ ಮನೆಯಲ್ಲಿ ಬಿತ್ತನೆಗೆ ಮುಂಚೆ ಶೇಂಗಾ ಸುಲಿಯುವ ಕೆಲಸ ಬೀಳುತ್ತದೆ. ಮಧ್ಯಾಹ್ನ ಹೆಂಡತಿ ಗಂಗಮ್ಮ, ಮಗಳು ಸರೋಜ, ಓಣಿಯ ಹೆಂಗಸರು ಪಡಸಾಲೆಯಲ್ಲಿ ಕುಳಿತು ಸುಲಿಯುತ್ತಾರೆ. ಉಗುರು ನೋಯುತ್ತದೆಂಬ ಕಾರಣಕ್ಕೆ ನಾನು ಗೋಡೆಗೊರಗಿ ಅವರಿಗೆ ಕಾದಂಬರಿ ಓದುತ್ತೇನೆ. ಹೋದ ವರ್ಷ ಟ್ರಾನ್ಸಿಸ್ಟರಿನ ಸೆಲ್ಲು ಸತ್ತುಹೋಗಿ ನನ್ನ ಬೆಲೆ ಇನ್ನಷ್ಟು ಏರಿತ್ತು. ಆಗ ಹೊಳಲ್ಕೆರೆಯ ಲೈಬ್ರರಿಯಿಂದ ಒಂದು ಕಾದಂಬರಿ ತಂದಿದ್ದೆ; ಅದರ ಕನ್ನಡವೋ, ಕೇಳುತ್ತ ಕೇಳುತ್ತ ಎಲ್ಲರ ಕೈಯೂ ನಿಂತು ಶೇಂಗಾ ಹಾಗೇ ಉಳಿಯುತ್ತಿತ್ತು.

ಅರ್ಧ ದಾಟಿದ ಮೇಲೆ ಕಥಾನಾಯಕಿ ಅಪ್ಪ ಗೊತ್ತುಮಾಡಿದ ಗಂಡು ಬೇಡವೆಂದು ಕಾಲೇಜಿಗೆ ಹೊರಟುನಿಂತಳು. ಹೊರಟವಳು ಸುಮ್ಮನೆ ಹೋಗಬಾರದೆ? ತಂದೆಯ ಪ್ರೀತಿಯೆಂದರೆ ಬಹುಪಾಲು ತಂದೆಯ ಅನುಕೂಲವೇ ಎಂದು ಎರಡು ಪುಟ ಮಾತಾಡಿದಳು. ಗಟ್ಟಿಯಾಗಿ ಓದುವ ಮುಂಚೆ ಕಣ್ಣಾಡಿಸಿದೆ, ಕಿತ್ತುಹಾಕಲು ಒಂದು ಪದವೂ ಹೆಚ್ಚಿಲ್ಲ. ಇತ್ತ ನನ್ನ ಸರೋಜಳಿಗೆ ದುರ್ಗದ ಕಾಲೇಜಿನ ಆಸೆ; ನನಗೆ ಭಾನುವಾರ ಅವಳನ್ನು ನೋಡಲು ಬರಲಿದ್ದ ಆದಿವಾಲದ ಗಂಡಿನವರ ಆಸೆ.

ಸಮಾಜದ ಹಿತದೃಷ್ಟಿಯಿಂದ ಅಲ್ಲೇ ಒಂದು ತಿದ್ದುಪಡಿ ತಂದೆ. "ತೀರ್ಥರೂಪರೇ, ತಮ್ಮ ಆಜ್ಞೆಯೇ ನನಗೆ ಶ್ರೀರಕ್ಷೆ ಎಂದು ಅವಳು ಪಾದಕ್ಕೆರಗಿದಳು" ಎಂದು ಗಂಭೀರವಾಗಿ ಓದಿದೆ.

ಗಂಗಮ್ಮ ತಲೆಯೆತ್ತಿದಳು. "ಏನ್ರಿ, ಇಷ್ಟೊತ್ತು ಮನುಷ್ಯರಂಗೆ ಮಾತಾಡ್ತಿದ್ದೋಳು ಈಗ ಲಗ್ನಪತ್ರಿಕೆ ಆಗಿಬಿಟ್ಲಲ್ಲ! ಇದು ಬರೆದೋರ ಮಾತಲ್ಲ, ನಿಮ್ದು."

"ಪುಸ್ತಕದಾಗೆ ಹಂಗೇ ಐತೆ."

"ಐತಾ? ಹಂಗಾರೆ ಸರೋಜಂಗೆ ಕೊಡ್ರಿ, ಓದ್ಲಿ. ನೀವು ಇಲ್ಲಿ ಕುಂತ್ಕಂಡು ಸುಲೀರಿ."

ಮಗಳು ಓದಿದಳು. ದನಿ ಏರಿಸಲಿಲ್ಲ, ನನ್ನತ್ತ ನೋಡಲೂ ಇಲ್ಲ; ನೋಡಿದ್ದರೆ ಗದರಿಸಬಹುದಿತ್ತು. ಎರಡು ಪುಟ ಮುಗಿದ ಮೇಲೆ ಪುಸ್ತಕ ಮುಚ್ಚಿ, "ಅಪ್ಪಾ, ನಾನೂ ಕಾಲೇಜಲ್ಲಿ ಓದ್ಬೇಕು" ಎಂದಳು.

"ಆದಿವಾಲದೋರಿಗೆ ಬರಬ್ಯಾಡ್ರಿ ಅಂತ ಹೇಳಿಕಳಿಸ್ರಿ" ಎಂದಳು ಗಂಗಮ್ಮ.

"ಯಾಕೆ ಅಂತ ಕೇಳಿದ್ರೆ?"

"ನಮಗೆ ಅನುಕೂಲ ಆಗ್ಲಿಲ್ಲ ಅನ್ರಿ."

ಓಣಿಯ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. ಹೇಳಿಕಳಿಸಿದೆ.

ಆ ಕಾದಂಬರಿಯ ಸಂದೇಶವನ್ನು ನಾನು ಈಗಲೂ ಒಪ್ಪುವುದಿಲ್ಲ. ಸರೋಜ ದಿನಾ ಬೆಳಗ್ಗೆ ದುರ್ಗದ ಬಸ್ಸು ಹತ್ತುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಸರ್ಕಾರದವರು ಇಷ್ಟು ಕಷ್ಟಪಟ್ಟು ಬಸ್ಸು ಬಿಟ್ಟಿರುವಾಗ ಹತ್ತದಿದ್ದರೆ ಅವರಿಗೂ ಬೇಸರವಾದೀತು. ಬಸ್ಸು ನಿಲ್ಲುವ ಮುಂಚೆಯೇ ನಾನು ಓಡಿಹೋಗಿ ಕಿಟಕಿಯೊಳಗೆ ಟವೆಲ್ಲು ಎಸೆದು ಅವಳಿಗೆ ಸೀಟು ಹಿಡಿಯುತ್ತೇನೆ, ಅಷ್ಟೆ.