ಕೆಂಪಿಯ ಕುಬಸ

ಜನಾಬಾಯಿ ವಳಸಂಗಕ್ಕೆ ಸೊಸೆಯಾಗಿ ಬಂದಾಗ ಅವಳ ಹಿಂದೆಯೇ ತವರಿನ ಆಕಳು ಕೆಂಪಿಯೂ ಬಂದಿತ್ತು. ಗಂಡ ಕಾಮಣ್ಣ ಕುರಿಗಳ ಹಿಂದೆ ಊರೂರು ಅಲೆಯುವವನು. ಮನೆಯಲ್ಲಿ ಉಳಿಯುತ್ತಿದ್ದವರು ಅವಳು, ಅತ್ತೆ ಸಕ್ಕುಬಾಯಿ ಮತ್ತು ಆಕಳು.

ಕೆಂಪಿ ಗಬ್ಬವಾಗಿ ಹಾಲು ಬತ್ತಿದ ಮೇಲೆ ಜನಾಬಾಯಿ ಹಿಂಡಿ, ನುಚ್ಚು ನಿಲ್ಲಿಸಿ ಬರೀ ಜೋಳದ ಒಣದಂಟಿನ ಕಣಿಕೆ ಹಾಕತೊಡಗಿದಳು. ಈಯುವ ಕಾಲ ಹತ್ತಿರವಾದಾಗ ಕಾಳನ್ನು ಹಿಡಿಹಿಡಿಯಾಗಿ ಏರಿಸುವುದು ಅವಳ ತವರಿನ ರೂಢಿ.

“ಹಾಲ ಕೊಡೂತನಕ ಹಿಂಡಿ, ಬಸರಾದಕೂಡ್ಲೆ ಒಣ ಕಣಕಿ! ನಿನಗ ಕರುಳ ಅದಾವೋ ಇಲ್ಲೋ?” ಎಂದು ಅತ್ತೆ ಗೊಣಗುತ್ತಿದ್ದಳು.

ಓಣಿಯ ಬೀರವ್ವ ಉರಿಗೆ ತುಪ್ಪ ಸುರಿದಳು: “ಸೊಸಿ ಕುಬಸಾ ಮಾಡೂ ಯೋಗ ಬರಲಿಲ್ಲ. ಆಕಳದಾದ್ರೂ ಮಾಡ ಯಕ್ಕಾ, ಹೋಳಗಿ ಉಂಡೇವು.”

ಹೆಂಗಸರು ನಕ್ಕರು. ಸಕ್ಕುಬಾಯಿ ನಗಲಿಲ್ಲ.

ಜನಾಬಾಯಿ ಕಂಬಳಿ ಮಾರಲು ಸೊಲ್ಲಾಪುರದ ನವಿ ಪೇಠಕ್ಕೆ ಹೋದ ದಿನವೇ ಅದು ನಡೆದುಹೋಯಿತು. ಸಂಜೆ ಮರಳಿದಾಗ ಕೆಂಪಿಯ ಕೋಡಿಗೆ ಹಸಿರು ರವಿಕೆ ಖಣ, ಹಣೆಗೆ ಅರಿಶಿನ. ಬಸುರಿ ಮಗಳಿಗೆ ಸೀಮಂತ ಮಾಡುವಂತೆ ಸಕ್ಕುಬಾಯಿ ಓಣಿಯವರನ್ನೆಲ್ಲ ಸೇರಿಸಿ ಕುಬಸ ಮಾಡಿದ್ದಳು. ಹೋಳಿಗೆ, ಸಜ್ಜಕ, ಬುಟ್ಟಿಗಟ್ಟಲೆ ಕುದಿಸಿದ ಜೋಳ. ಒಲ್ಲೆನೆನ್ನಲು ಆಕಳಿಗೇನು ಗೊತ್ತು?

ಬೆಳಗಾದಾಗ ಕೆಂಪಿ ಮೆಲುಕು ಹಾಕುವುದನ್ನು ಬಿಟ್ಟಿತ್ತು. ಬಾಯಿಂದ ಹುಳಿ ವಾಸನೆ. ಎಡಪಕ್ಕೆ ಒತ್ತಿದರೆ ನಾದಿದ ಹಿಟ್ಟಿನಂತೆ ಬೆರಳಿನ ಗುರುತು ಉಳಿಯುತ್ತಿತ್ತು.

“ಬೀರವ್ವನ ಕಣ್ಣ ಬಿದ್ದದ,” ಎಂದು ಸಕ್ಕುಬಾಯಿ ಉಪ್ಪು, ಮೆಣಸಿನಕಾಯಿ ನಿವಾಳಿಸಿದಳು.

ಜನಾಬಾಯಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ದನದ ಡಾಕ್ಟರನ್ನು ಕಾಣಲು ಅಕ್ಕಲಕೋಟದ ಬಸ್ಸು ಹತ್ತಿದಳು. ಅಲ್ಲಿಯ ಗುಡಿಗೆ ಹೊರಟ ಯಾತ್ರಿಕರು ತೆಂಗಿನಕಾಯಿ ಮಡಿಲಲ್ಲಿಟ್ಟುಕೊಂಡು ಆರಾಮಾಗಿ ಕೂತಿದ್ದರು; ಬಸ್ಸು ನಿಂತಾಗಲೆಲ್ಲ ಅವಳಿಗೆ ಇಳಿದು ಓಡಬೇಕೆನಿಸುತ್ತಿತ್ತು.

“ಏನ ತಿನಿಸೀರಿ ಬಾಯಿ?” ದನದ ದವಾಖಾನೆಯ ಡಾಕ್ಟರು ಕೇಳಿದರು.

“ಕುಬಸಾ ಮಾಡ್ಯಾರ್ರಿ.”

ಡಾಕ್ಟರು ನಕ್ಕರು. ಅವಳ ಮುಖ ನೋಡಿ ನಗು ನುಂಗಿಕೊಂಡರು. “ಒಣ ಮೇವು ತಿಂದು ರೂಢಿಯಾದ ಹೊಟ್ಟಿ. ಒಮ್ಮೆಲೆ ಕಾಳು ಬಿದ್ರ ಒಳಗ ಹುಳಿಯಾಗ್ತದ. ಈ ಸೋಡಾ ನೀರಿನ್ಯಾಗ ಕಲಸಿ ಗೊಟ್ಟದಲೆ ಕುಡಸ್ರಿ. ಕಾಳ ಮುಟ್ಟಿಸಬ್ಯಾಡ್ರಿ. ಮೆಲುಕು ಬರಲಿಲ್ಲಂದ್ರ ತಾಯಿನೂ ಇಲ್ಲ, ಕರಾನೂ ಇಲ್ಲ.”

ಮನೆಗೆ ಬಂದವಳೇ ಬಿದಿರಿನ ಗೊಟ್ಟದಿಂದ ಔಷಧಿ ಹಾಕಿದಳು. ಆಕಳಿನ ಮೂಗು ಹಿಡಿದದ್ದು ಅತ್ತೆ. ಆಮೇಲೆ ಜನಾಬಾಯಿ ಒಲೆ ಹಚ್ಚಿದಳು, ಮರೆತಳು. ನೀರಿಗೆ ಹೋದಳು, ಅರ್ಧ ಕೊಡಕ್ಕೇ ತಿರುಗಿದಳು. ಕೊಟ್ಟಿಗೆಗೆ ಹೋಗಿ ಎಡಪಕ್ಕೆಗೆ ಕಿವಿಯಿಟ್ಟಳು. ಒಳಗೆ ಏನೂ ಹೊರಳುತ್ತಿರಲಿಲ್ಲ.

ಮರುದಿನ ಬಿಸಿಲೇರಿದ ಮೇಲೆ ಕೆಂಪಿಯ ಕೊರಳಲ್ಲಿ ಒಂದು ಉಂಡೆ ಮೇಲೆದ್ದು ಬಂತು. ದವಡೆ ಅಲುಗಿತು. ನಿಂತಿತು. ಮತ್ತೆ ಅಲುಗಿತು.

“ಅತ್ತೀ, ಬರ್ರಿ ಲಗೂನ!”

ಸಕ್ಕುಬಾಯಿ ಬಂದಳು. ಕುಬಸದ ದಿನದಿಂದ ಅವಳು ಸರಿಯಾಗಿ ಉಂಡಿರಲಿಲ್ಲ. ದವಡೆ ಆಡುವುದನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಮೂಲೆಯ ರಾಶಿಯಿಂದ ಒಂದೇ ಒಂದು ಕಣಿಕೆಯ ದಂಟು ಎಳೆದುಕೊಂಡು, ಸೊಸೆಯ ಕಡೆ ತಿರುಗಿ ಮೆಲ್ಲಗೆ ಕೇಳಿದಳು:

“ಇದನ್ನ ಕೊಡ್ಲೇನವ್ವಾ?”