ಹಿಟ್ಟಿನ ಮೇಲಿನ ನವಿಲು

"ಹಿಂದಿನವರದು ಜೋಳ ಬೀಸಿದ್ದೀನಿ ಮೇಡಂ, ಪರವಾಗಿಲ್ವಾ?" ಎಂದು ಯಲಹಂಕದ ನಮ್ಮ ಬೀದಿಯ ಹಿಟ್ಟಿನ ಮಿಲ್ಲಿನವರು ಕಳೆದ ಶನಿವಾರ ಕೇಳಿದರು. ಪರವಾಗಿಲ್ಲ ಎಂದೆ. ಮನೆಗೆ ಬಂದು ರಾಗಿಹಿಟ್ಟನ್ನು ಡಬ್ಬಿಗೆ ಸುರಿಯುವಾಗ ಅದರ ಜೊತೆ ಬೆರೆತು ಬಂದಿದ್ದ ಜೋಳದ ಬಿಸಿ ವಾಸನೆ ಮೂಗಿಗೆ ಬಡಿಯಿತು. ಕೈ ಅಲ್ಲೇ ನಿಂತಿತು. ಮದುವೆಗೆ ಮುಂಚೆ ನಾನಿದ್ದ ದಾಸರಹಳ್ಳಿಯ ಆ ವಠಾರ, ಕೆಳಗಿನ ಮನೆ, ಆ ಮನೆಯ ಅಕ್ಕ...

ಮೊದಲು ನನ್ನ ಬಂಡವಾಳ ಹೇಳಿಬಿಡುತ್ತೇನೆ. ನಾನು ಯಾವುದನ್ನೂ ನಾಲ್ಕು ದಿನಕ್ಕಿಂತ ಹೆಚ್ಚು ಮಾಡಿದವಳಲ್ಲ. ಚಿತ್ರ ಬಿಡಿಸುವ ಹುಚ್ಚು ಚಿಕ್ಕಂದಿನಿಂದ ಇತ್ತು. ಪ್ರತಿ ಯುಗಾದಿಗೂ ಒಂದು ಹೊಸ ಡ್ರಾಯಿಂಗ್ ಪುಸ್ತಕ ತರುತ್ತಿದ್ದೆ. ದಿನಕ್ಕೊಂದು ಚಿತ್ರ, ಬೆಳಿಗ್ಗೆ ಆರಕ್ಕೆ ಸರಿಯಾಗಿ, ಎಂದು ಫ್ರಿಜ್ ಬಾಗಿಲಿಗೆ ವೇಳಾಪಟ್ಟಿ ಅಂಟಿಸುತ್ತಿದ್ದೆ. ಐದನೆಯ ದಿನ ಕಣ್ಣು ಬಿಟ್ಟರೆ ಏಳೂವರೆ. ತಪ್ಪಿದ್ದಕ್ಕೆ ಮಾರನೆಯ ದಿನ ಎರಡು ಬಿಡಿಸಬೇಕು, ಅದೂ ಆಗದಿದ್ದರೆ ಮೂರು... ಕೊನೆಗೆ ಪುಸ್ತಕ ಕಂಡರೇ ಮೈ ಉರಿಯುತ್ತಿತ್ತು. ಅದು ಮಂಚದ ಕೆಳಗೆ ಹೋಗುತ್ತಿತ್ತು.

ಅಕ್ಕ ಗದಗದ ಕಡೆಯವರು. ಪೀಣ್ಯದ ಯಾವುದೋ ಕಾರ್ಖಾನೆಯಲ್ಲಿ ಪಾಳಿ ಕೆಲಸ. ಒಂದು ವಾರ ಬೆಳಗಿನದು, ಮುಂದಿನ ವಾರ ಮಧ್ಯಾಹ್ನದ್ದು. ಹಾಗಾಗಿ ಅವರ ರಂಗೋಲಿಗೆ ಹೊತ್ತುಗೊತ್ತು ಇರಲಿಲ್ಲ. ಹನ್ನೊಂದಕ್ಕೆ ಗೇಟಿನ ಮುಂದೆ, ಮೂರಕ್ಕೆ ನೀರಿನ ಸಂಪಿನ ಮುಚ್ಚಳದ ಮೇಲೆ, ಕೆಲವು ದಿನ ಎಲ್ಲೂ ಇಲ್ಲ. ಒಮ್ಮೆ ಚುಕ್ಕಿಯೇ ಇಲ್ಲದ ನವಿಲು, ಒಮ್ಮೆ ಕಾರ್ಖಾನೆಯ ಹಲ್ಲುಚಕ್ರ, ಒಮ್ಮೆ ನಾಗಸಂದ್ರದ ಕಡೆ ಓಡುವ ಮೆಟ್ರೊ. ಮನೆಯಲ್ಲೇ ಕೂತು ಪಠ್ಯಪುಸ್ತಕಗಳ ಕರಡು ತಿದ್ದುತ್ತಿದ್ದ ನಾನು ಕಿಟಕಿಯಿಂದ ಎಲ್ಲವನ್ನೂ ನೋಡುತ್ತಿದ್ದೆ. ನಿಜ ಹೇಳಬೇಕೆಂದರೆ ಹೊಟ್ಟೆಕಿಚ್ಚೂ ಆಗುತ್ತಿತ್ತು.

ಮನೆ ಓನರ್ ಅಮ್ಮನಿಗೆ ಮಾತ್ರ ಇದು ಸರಿಬರುತ್ತಿರಲಿಲ್ಲ. "ಏನಮ್ಮಾ ಇದು, ಮೂರ್ ಗಂಟೇಲಿ ರಂಗೋಲಿ ಆಕ್ತಾರಾ? ಒತ್ತಾರೆ ಆಕ್ಬೇಕು ಕಣಮ್ಮಾ" ಎನ್ನುತ್ತಿದ್ದರು.

"ಮೂರಕ್ಕೂ ದೇವ್ರು ಮನ್ಯಾಗ ಇರ್ತಾನ್ರಿ ಅಮ್ಮಾ" ಎಂದು ಅಕ್ಕ ನಕ್ಕುಬಿಡುತ್ತಿದ್ದರು.

ದಿನಾ ಇದನ್ನು ಹೇಗೆ ಮಾಡ್ತೀರಾ ಅಕ್ಕಾ ಎಂದು ಒಮ್ಮೆ ಕೇಳಿದೆ. "ದಿನಾ ಎಲ್ಲಿ ಹಾಕ್ತೀನವಾ? ಕೈ ಸುಮ್ನ ಕುಂದ್ರಂಗಿಲ್ಲ, ಹಾಕ್ತೀನಿ. ನಿನ್ನಿ ತಪ್ಪಿತಂತ ಇವತ್ತ ಎರಡು ಹಾಕೂದಿಲ್ಲ ನೋಡು" ಎಂದರು. ನನಗೆ ಬೇಕಾಗಿದ್ದ ಮಾತು ಅದೇ. ಕೇಳಿಸಿಕೊಂಡು ಸುಮ್ಮನೆ ಮನೆಗೆ ಬಂದಿದ್ದರೆ ಸಾಕಿತ್ತು.

ಆದರೆ ನನ್ನ ಬುದ್ಧಿ ಎಲ್ಲಿ ಸುಮ್ಮನಿರುತ್ತದೆ! ಇಂಥ ಕೈ ವಠಾರದಲ್ಲೇ ಉಳಿಯಬಾರದು ಎಂದು ಫೋನಿನಲ್ಲಿ ಅವರ ರಂಗೋಲಿಗಳಿಗೆಂದೇ ಒಂದು ಪುಟ ತೆರೆದೆ. "ದಿನಾ ಆರಕ್ಕೆ ಒಂದು ಬಂದ್ರೆ ಜನ ಕಾಯ್ತಾರೆ ಅಕ್ಕಾ" ಎಂದೆ. ನನ್ನ ಮಾತು ತೆಗೆದುಹಾಕಲಾರದೆ ಅವರು ಹೂಂ ಎಂದರು. ನನ್ನಿಂದಲೇ ಆಗದ ವೇಳಾಪಟ್ಟಿಯನ್ನು ಹೀಗೆ ಅವರ ಕೊರಳಿಗೆ ಕಟ್ಟಿದೆ. ಬೆಳಗಿನ ಪಾಳಿಯ ವಾರ ಅವರು ಐದಕ್ಕೇ ಮನೆ ಬಿಡಬೇಕು. ಅದಕ್ಕೂ ಮೊದಲು ಎದ್ದು ರಂಗೋಲಿ ಹಾಕಿ ಹೋಗುತ್ತಿದ್ದರು. ನಾನು ಆರಕ್ಕೆ ಎದ್ದು, ಫೋಟೊ ತೆಗೆದು, ಪುಟಕ್ಕೆ ಹಾಕಿ, ಮತ್ತೆ ಮಲಗುತ್ತಿದ್ದೆ. ಮಧ್ಯಾಹ್ನದ ಪಾಳಿಯ ವಾರ, ಅವರು ಮನೆಯಲ್ಲೇ ಇದ್ದ ಒಂದು ಬೆಳಿಗ್ಗೆಯಂತೂ "ನವಿಲಿನ ಬಾಲ ಸ್ವಲ್ಪ ಸೊಟ್ಟ ಬಂದಿದೆ, ಅಳಿಸಿ ಇನ್ನೊಂದ್ಸಲ ಹಾಕ್ತೀರಾ?" ಎಂದೂ ಕೇಳಿದೆ. ಅವರು ಅಳಿಸಿ ಹಾಕಿದರು. ಈಗ ನೆನೆದರೆ ನಾಚಿಕೆಯಾಗುತ್ತದೆ.

ಮೂರನೆಯ ವಾರದ ಒಂದು ಬೆಳಿಗ್ಗೆ ಇಳಿದುಹೋದರೆ ಬರೀ ಒದ್ದೆ ನೆಲ. ಮಾರನೆಯ ದಿನವೂ ಅಷ್ಟೇ. ಯಾಕಕ್ಕಾ ಎಂದರೆ, "ಕೈ ಒಲ್ಲೆ ಅನ್ನಾಕತ್ತೇತಿ ತಂಗಿ" ಎಂದರು, ಅಷ್ಟೇ. ಮೂರು ಗಂಟೆಯ ರಂಗೋಲಿಯೂ ನಿಂತುಹೋಯಿತು. ಸಂಪಿನ ಮುಚ್ಚಳ ಖಾಲಿ, ಗೇಟಿನ ಮುಂದೆ ಖಾಲಿ. ಹಾಳುಮಾಡಿದವಳು ನಾನೇ ಎಂದು ಗೊತ್ತಿತ್ತು. ಕ್ಷಮಿಸಿ ಎನ್ನಲು ನಾಲ್ಕಾರು ಸಲ ಮೆಟ್ಟಿಲಿಳಿದು, ನೀರಿನ ಮೋಟಾರ್ ವಿಷಯ ಮಾತಾಡಿ ವಾಪಸ್ ಬಂದೆ.

ಎರಡು ತಿಂಗಳಾಗಿರಬಹುದು... ಅವರ ಪಾತ್ರೆಯೊಂದನ್ನು ಹಿಂದಿರುಗಿಸಲು ಹೋದೆ. ಬಾಗಿಲು ತೆರೆದೇ ಇತ್ತು. ಅಕ್ಕ ಅಡುಗೆಕೋಣೆಯಲ್ಲಿ ನೆಲದ ಮೇಲೆ ಕೂತಿದ್ದರು. ಒಲೆಯ ಮೇಲೆ ಹಂಚು ಕಾಯುತ್ತಿತ್ತು. ಮುಂದೆ ರೊಟ್ಟಿ ಬಡಿಯುವ ಹಲಗೆ, ಅದರ ಮೇಲೆ ಉದುರಿಸಿದ ಜೋಳದ ಹಿಟ್ಟು, ಹಿಟ್ಟಿನಲ್ಲಿ ಓಡುತ್ತಿದ್ದ ಒಂದೇ ಒಂದು ಬೆರಳು. ನವಿಲು ಆಗಲೇ ಕತ್ತು ತಿರುಗಿಸಿತ್ತು, ಬಾಲ ಬಿಚ್ಚಿಕೊಳ್ಳುತ್ತಿತ್ತು. ಅಯ್ಯೋ, ನಿಂತಿಲ್ಲ, ಇನ್ನೂ ಇದೆ ಎಂದು ನನಗೆ ಕೂಗಬೇಕೆನ್ನಿಸಿತು.

ಅವರು ತಲೆಯೆತ್ತಿದರು. ಮೊದಲು ನೋಡಿದ್ದು ನನ್ನ ಮುಖವನ್ನಲ್ಲ, ಕೈಯನ್ನು. ಕೈಯಲ್ಲಿ ಪಾತ್ರೆ ಬಿಟ್ಟು ಏನೂ ಇರಲಿಲ್ಲ. ಆದರೂ ಅಂಗೈಯಿಂದ ಸರಕ್ಕನೆ ಹಿಟ್ಟು ಒರೆಸಿ, ಅದರ ಮೇಲೆ ಹಿಟ್ಟಿನ ಉಂಡೆ ಇಟ್ಟು, ರೊಟ್ಟಿ ಬಡಿಯತೊಡಗಿದರು. "ಬಾ ತಂಗಿ, ಬಿಸಿ ರೊಟ್ಟಿ ತಿನ್ನು" ಎಂದರು. ಕೂತು ತಿಂದೆ. ಇಬ್ಬರೂ ಆ ವಿಷಯ ಎತ್ತಲಿಲ್ಲ.

ಪುಟವನ್ನು ಅಂದೇ ಅಳಿಸಿದೆ. ಅದನ್ನೂ ಅವರಿಗೆ ಹೇಳಲಿಲ್ಲ. ಮುಂದಿನ ವರ್ಷ ನಾನು ಮದುವೆಯಾಗಿ ಯಲಹಂಕಕ್ಕೆ ಬಂದೆ. ಅವರು ಕೆಲಸ ಬಿಟ್ಟು ಊರಿಗೆ ಹೋದರಂತೆ. ಹಳೆಯ ನಂಬರಿಗೆ ಕರೆ ಮಾಡಿದರೆ ಬೇರೆ ಯಾರೋ ಎತ್ತುತ್ತಾರೆ. ಕ್ಷಮಿಸಿ ಎಂದು ಹೇಳದೆ ಉಳಿದ ಆ ಒಂದು ಮಾತು ಇನ್ನೂ ನನ್ನ ಬಳಿಯೇ ಇದೆ.

ಶನಿವಾರ ಡಬ್ಬಿ ಮುಚ್ಚುವಾಗ ಅಡುಗೆಕಟ್ಟೆಯ ಮೇಲೆ ಒಂದಿಷ್ಟು ಹಿಟ್ಟು ಚೆಲ್ಲಿತು. ಒರೆಸಲು ಹೋದ ಬೆರಳು ತಾನಾಗಿಯೇ ಓಡಿತು. ಒಂದು ಕತ್ತು, ಒಂದು ಕೊಕ್ಕು... ಯಾವ ಹಕ್ಕಿಯೋ ಗೊತ್ತಿಲ್ಲ. ಎಷ್ಟು ದಿನಗಳ ಮೇಲೆ ಎಂದು ಎಣಿಸಲೂ ಇಲ್ಲ.

"ಏ, ಸಕ್ಕತ್ತಾಗಿದೆ ಕಣೇ! ಇರು, ಒಂದ್ ಫೋಟೊ ತೆಗೀತೀನಿ" ಎಂದು ಹಿಂದಿನಿಂದ ಬಂದ ಗಂಡ ಜೇಬಿಗೆ ಕೈ ಹಾಕಿದ.

ಅವನ ಫೋನು ಹೊರಗೆ ಬರುವಷ್ಟರಲ್ಲಿ ನನ್ನ ಅಂಗೈ ಎಲ್ಲವನ್ನೂ ಒರೆಸಿಬಿಟ್ಟಿತ್ತು.